ಬೆಲ್ಲ ನೀರು ಯಾರಿಗೆ

ವಾಮಂಜೂರು, ಮಂಗಳೂರು
ಭಾನುವಾರ, 20 ಸೆಪ್ಟೆಂಬರ್ 1981

ಪ್ರೀತಿಯ ತಂಗಿ ಶಶಿಪ್ರಭಾಳಿಗೆ,

ನಿನಗೂ, ಜಯಪಾಲರಿಗೂ, ಪುಟ್ಟ ಚಿತ್ತರಂಜನನಿಗೂ ಅಕ್ಕನ ಆಶೀರ್ವಾದ. ನೀವೆಲ್ಲ ಅಲ್ಲಿ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದ ಕೈಸೇರಿ ತುಂಬ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈಯುವುದಿದ್ದರೆ ನಮ್ಮ ತಮ್ಮ ಸರ್ವೋತ್ತಮನನ್ನು ಬೈ. ಹಂಪನಕಟ್ಟೆಯ ಲಾಡ್ಜಿನಲ್ಲಿ ಇಡೀ ದಿನ ಮೇನೇಜರಿಕೆ ಮಾಡಿಕೊಂಡು ಕೂತಿರುವವನಿಗೆ ಒಂದು ಅಂಚೆ ಕವರು ತರಲು ನೆನಪಾಗುವುದಿಲ್ಲ. ದಿನಾ ಸಂಜೆ ಬಸ್ಸಿಳಿದು ಬರುವಾಗಲೇ ಹಣೆ ಚಚ್ಚಿಕೊಳ್ಳುತ್ತಾನೆ. ಹಣೆಯೇನೋ ಗಟ್ಟಿ ಉಂಟು.

ಮಳೆಗಾಲದ ಏಣೇಲು ಬೆಳೆ ಈ ಸಲ ಚೆನ್ನಾಗಿ ಬಂದಿದೆ. ಭೂಮಸೂದೆಯಲ್ಲಿ ಹೋದದ್ದು ಹೋಗಿ ಉಳಿದ ಗದ್ದೆಗೆ ಇಷ್ಟಾದದ್ದೇ ಹೆಚ್ಚು. ಬೇಲಿಯ ಆಚೆ ಮತ್ತೊಂದು ಮನೆಗೆ ಪಾಯ ತೆಗೆದಿದ್ದಾರೆ. ನೀನು ದಸರಾಕ್ಕೆ ಬರುವಾಗ ನಮ್ಮ ಜಗಲಿಯಿಂದ ಗುಡ್ಡ ಕಾಣಿಸುವುದು ಸಂಶಯ. ನಿನ್ನ ಕುಶಲಾಳ ಕೆಮ್ಮು ಪೂರ್ತಿ ಹೋಗಿದೆ. ನರ್ಸರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಮುದ್ದುವಿಗಿಂತ ಮೊದಲು ಇವಳೇ "ರೈಟ್, ಪೋಯಿ" ಎಂದು ಕೂಗುತ್ತಾಳೆ. ಡ್ರೈವರ್ ಒಮ್ಮೆ ನಂಬಿ ಹೊರಟೇಬಿಟ್ಟ, ಪಾಪ ಮುದ್ದು ಹಿಂದಿನಿಂದ ಓಡಿ ಬಂದು ಹತ್ತಿದ.

ಇಷ್ಟು ಸುದ್ದಿ. ಇನ್ನು ಜಗಳ.

ನೀನು ಬರೆದದ್ದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. "ಅಕ್ಕ, ನನ್ನ ಮಗಳಿಗೆ ನೀನು ಎಂತ ಕಲಿಸಿದ್ದಿ? ಅಪ್ಪ ಯಾರು, ಅಮ್ಮ ಯಾರು ಅಂತ ಗೊತ್ತಿಲ್ಲದ ಮಗು ಅಂತ ನರ್ಸರಿಯವರು ಬರೆದಿದ್ದಾರೆ. ದಸರಾ ರಜೆಯಲ್ಲಿ ಬಂದು ಕರ್ಕೊಂಡು ಹೋಗ್ತೇನೆ. ಅಷ್ಟರೊಳಗೆ ಅವಳಿಗೆ ಸರಿಯಾಗಿ ಹೇಳಿಕೊಡು. ನಾನು ಮಮ್ಮಿ, ನೀನು ಆಂಟಿ."

ಕರೆದುಕೊಂಡು ಹೋಗು. ನಿನ್ನ ಮಗಳು, ನಾನು ಬೇಡವೆನ್ನುವುದಿಲ್ಲ. ಅವಳ ಫ್ರಾಕುಗಳನ್ನು ಒಗೆದು ಮಡಚಿ ಟ್ರಂಕಿನಲ್ಲಿ ಇಟ್ಟಾಗಿದೆ. ಕಾಮಾಲೆಯಲ್ಲಿ ನೀನು ಹಳದಿಯಾಗಿ ಮಲಗಿದ್ದಾಗ, ಮುಂಬಯಿಯ ಒಂದೇ ಕೋಣೆಯಲ್ಲಿ ನಿಮ್ಮ ಮಂಚಕ್ಕೇ ಜಾಗವಿರಲಿಲ್ಲ. ಆಗ ಒಂದೂವರೆ ವರ್ಷದ ಕುಶಲಾಳನ್ನು ತಂದು ನನ್ನ ಮಡಿಲಿಗೆ ಹಾಕಿದಾಗ, "ನೀನು ಗುಣವಾಗಿ ಕರೆಯುವ ತನಕ" ಎಂದೇ ನಾನು ಹೇಳಿದ್ದು. ಆ ಮಾತಿಗೆ ನಾನು ತಪ್ಪುವವಳಲ್ಲ. ಆದರೆ ನಾನು ಆಂಟಿ ಎಂದು ನನ್ನ ಬಾಯಿಯಿಂದ ಅವಳಿಗೆ ಕಲಿಸುವುದಿಲ್ಲ. ಆ ಒಂದು ಕೆಲಸ ಮಾತ್ರ ಹೇಳಬೇಡ. ಯಾಕೆ ಎಂದು ಬೇಕಾದರೆ ಮುಂದೆ ಓದು, ಬೇಡವಾದರೆ ಇಲ್ಲಿಗೇ ಮಡಚಿಡು.

ನೀನು ಓದಿದ್ದು ನರ್ಸರಿಯವರು ಬರೆದದ್ದನ್ನು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ನೋಡಿದ ಆ ದಿನ ಮಗುವಿನ ಪಕ್ಕದಲ್ಲಿ ಕೂತಿದ್ದವಳು ನಾನು. ಪರೀಕ್ಷೆ ಮಾಡಿದ್ದು ಸೆವರಿನ್ ಟೀಚರ್ ಎಂಬ ಹುಡುಗಿ. ಎಲ್ಲಿಯೋ ದೂರದಲ್ಲಿ ಟ್ರೈನಿಂಗ್ ಮುಗಿಸಿ ಹೊಸದಾಗಿ ಬಂದವಳು, ಮಾತು ಮೆತ್ತಗೆ, ಮಕ್ಕಳ ಮೂಗು ಒರೆಸಲು ಹೇಸುವವಳಲ್ಲ. ಅವಳು ಮೊದಲು ಕೆಲವು ಚಿತ್ರಗಳನ್ನು ಹರಡಿ, "ಯಾವುದು ಯಾವುದರ ಒಟ್ಟಿಗೆ ಹೋಗ್ತದೆ, ಇಡು ನೋಡುವ" ಎಂದಳು. ಕೋಳಿ, ಕಾಗೆ, ಗಿಣಿ ಮೂರನ್ನು ಒಂದು ಕಡೆ ಇಡಬೇಕಂತೆ, ಹಕ್ಕಿಗಳೆಂದು. ನಮ್ಮವಳು ಕೋಳಿಯನ್ನು ರೊಟ್ಟಿಯ ಹತ್ತಿರ ಇಟ್ಟಳು. ಕಾಗೆಯನ್ನು ಎತ್ತಿಕೊಂಡು ಸ್ವಲ್ಪ ಯೋಚಿಸಿ, ಕೋಲು ಹಿಡಿದ ಮುದುಕನ ಪಕ್ಕದಲ್ಲಿ ಇಟ್ಟಳು.

"ಕಾಗೆ ಯಾಕೆ ಅಲ್ಲಿ?" ಎಂದು ಟೀಚರ್ ಕೇಳಿದಳು.

"ಅಜ್ಜನಿಗೆ ಬಡಿಸಿದ್ದನ್ನು ಕಾಗೆಯೇ ತಿನ್ನುವುದಲ್ಲವಾ?" ಎಂದಳು ಇವಳು, ಇಷ್ಟು ದೊಡ್ಡವರಿಗೆ ಇದು ಗೊತ್ತಿಲ್ಲವೇ ಎನ್ನುವ ಹಾಗೆ.

ಟೀಚರಿಗೆ ನಗು ಬಂತು. ನನಗೂ ಬಂತು. ಆಗ ನಾನು ಇದನ್ನು ದೊಡ್ಡದು ಮಾಡಲಿಲ್ಲ. ಗಿಣಿ ಮಾತ್ರ ಒಂಟಿಯಾಗಿ ಉಳಿಯಿತು, ನಮ್ಮಲ್ಲಿ ಅದಕ್ಕೆ ಎಂತ ಕೆಲಸ ಉಂಟು ಹೇಳು.

ಆಮೇಲೆ ಬಂತು ಮನೆ. ಬಟ್ಟೆ ಹೊದೆಸಿದ ಒಂದು ಹಲಗೆ, ಅದರಲ್ಲಿ ಕೆಂಪು ಹೆಂಚಿನ ಮನೆ. ಅಂಟಿಸಿದರೆ ಅಂಟಿಕೊಳ್ಳುವ ಜನರ ಚಿತ್ರಗಳು. "ಇದು ನಿನ್ನ ಮನೆ. ನಿನ್ನ ಮನೆಯವರನ್ನೆಲ್ಲ ಒಳಗೆ ಇಡು" ಎಂದಳು. ಕುಶಲಾ ಮೊದಲು ಎತ್ತಿದ್ದು ಹೂವಿನ ಸೀರೆಯ ಹೆಂಗಸನ್ನು. "ಇದು ಮಮ್ಮಿ" ಎಂದು ಒಳಗೆ ಇಟ್ಟಳು. ಕೇಳಿಸಿತಾ ಶಶಿ? ಮೊದಲು ನೀನು. ಆಮೇಲೆ ತಲೆಗೂದಲನ್ನು ಸೂಡಿ ಕಟ್ಟಿದ ಹೆಂಗಸನ್ನು ಎತ್ತಿ, "ಇದು ದೊಡ್ಡಮ್ಮ" ಎಂದು ನಿನ್ನ ಹತ್ತಿರವೇ ಒತ್ತಿ ಇಟ್ಟಳು. ಸರ್ವೋತ್ತಮ ಮಾವನನ್ನು, ಚಿಕ್ಕ ಮಗುವನ್ನು, ತನ್ನನ್ನು, ಒಂದು ದನವನ್ನೂ ಒಳಗೆ ಸೇರಿಸಿದಳು. ಕೊನೆಗೆ ಪ್ಯಾಂಟು ಹಾಕಿ ಚೀಲ ಹಿಡಿದ ಗಂಡಸನ್ನು ತೆಗೆದು ಮೆಟ್ಟಿಲಿನ ಹೊರಗೆ, ಪೋಸ್ಟ್‌ಮ್ಯಾನಿನ ಚಿತ್ರ ಇದ್ದಲ್ಲಿ ನಿಲ್ಲಿಸಿದಳು.

"ಇವರು ಯಾರು?"

"ಪಪ್ಪ."

"ಪಪ್ಪ ಹೊರಗೆ ಯಾಕೆ ಪುಟ್ಟಾ?"

"ಪಪ್ಪ ಬಂದದ್ದು. ಬೆಲ್ಲ ನೀರು ಕೊಡಬೇಕು."

ಟೀಚರಿನ ಮುಖ ಸಣ್ಣದಾಯಿತು. ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಅವಳು ಲೆಕ್ಕ ಹಾಕಿದ್ದು ನನಗೆ ಅಲ್ಲಿಯೇ ಗೊತ್ತಾಯಿತು. ಮತ್ತೆ ಅವಳು ಇಬ್ಬರು ಹೆಂಗಸರನ್ನು ತೋರಿಸಿ, "ಇವರಲ್ಲಿ ನಿನ್ನ ಅಮ್ಮ ಯಾರು? ಒಬ್ಬರನ್ನು ಹೇಳು" ಎಂದಳು. ಇವಳು "ಇಬ್ಬರೂ" ಎಂದಳು. ಟೀಚರ್ ಸೂಡಿಯವಳನ್ನು ಕಿತ್ತು ಹೊರಗೆ ಇಟ್ಟಳು. ಇವಳು ತೆಗೆದು ಒಳಗೆ ಇಟ್ಟಳು. ಅವಳು ಮತ್ತೆ ಹೊರಗೆ, ಇವಳು ಮತ್ತೆ ಒಳಗೆ. ಕೊನೆಗೆ ಕುಶಲಾ ಮನೆಯ ಮೇಲೆ ತನ್ನ ಅಂಗೈ ಅಡ್ಡ ಒತ್ತಿಟ್ಟು, ತುಟಿ ಬಿಗಿದು ಕೂತುಬಿಟ್ಟಳು. ನಮ್ಮ ಅಮ್ಮ ಸಿಟ್ಟು ಬಂದಾಗ ಕೂರುತ್ತಿದ್ದ ಹಾಗೆಯೇ. ನನಗೆ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಈಗ ನೀನೇ ಹೇಳು, ತಪ್ಪು ಎಲ್ಲಿ ಉಂಟು? ಯಾರಾದರೂ ಬಂದಾಗ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಇಟ್ಟು, ಎರಡೂ ಕೈಯಲ್ಲಿ ಹಿಡಿದು ತುಳುಕಿಸದೆ ತರಬೇಕು, ಬಂದವರು ಕುಡಿದು ಮುಗಿಸುವ ತನಕ ಎದುರು ನಿಂತಿರಬೇಕು ಎಂದು ನಾನು ಕಲಿಸಿದ್ದೇನೆ. ಅಷ್ಟೇ ನಾನು ಕಲಿಸಿದ್ದು. ಉಳಿದದ್ದನ್ನು ಅವಳು ಕಣ್ಣಿನಿಂದಲೇ ಕಲಿತಳು. ಬೆಲ್ಲ ನೀರು ಯಾರಿಗೆ ಕೊಡುತ್ತೇವೋ ಅವರು ಬರುವವರು. ಯಾರು ತಾವೇ ಅಡುಗೆಮನೆಗೆ ಹೋಗಿ ಕೊಡಪಾನಕ್ಕೆ ಲೋಟ ಅದ್ದುತ್ತಾರೋ ಅವರು ಮನೆಯವರು. ವರ್ಷಕ್ಕೊಮ್ಮೆ ಜಯಪಾಲರು ಚೀಲ ಹಿಡಿದು ಬಂದಾಗ ಚೊಂಬು ಹಿಡಿದು ಓಡುವುದು ಇವಳೇ. ಕಳೆದ ಬೇಸಗೆಯಲ್ಲಿ ನೀನು ಬಂದಾಗ ಚಪ್ಪಲಿ ಕಳಚಿ ನೇರ ಒಳಗೆ ಹೋಗಿ, ನಿಂತಲ್ಲಿಯೇ ಗಟಗಟ ಕುಡಿದದ್ದು ನಿನಗೆ ನೆನಪಿರಲಿಕ್ಕಿಲ್ಲ. ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಿನ್ನ ಜಾಗವನ್ನು ನಾನು ಕಿತ್ತುಕೊಂಡೆ ಎಂದು ಬರೆದಿದ್ದೀಯಲ್ಲ, ಆ ಒಂದು ಲೋಟ ನೀರಿನಲ್ಲಿ ನಿನ್ನ ಜಾಗ ಭದ್ರವಾಗಿ ಉಂಟು.

ಮೀನಿನ ರಾಜೀವಿಯ ವಿಷಯ ಕೇಳು. ಬುಟ್ಟಿ ಇಳಿಸಿ ಮೆಟ್ಟಿಲಲ್ಲಿ ಕೂತಾಗ ಅವಳಿಗೆ ನಾವು ನೀರು ಮಾತ್ರ ಕೊಡುತ್ತಿದ್ದದ್ದು. ಒಂದು ದಿನ ಕುಶಲಾ, "ರಾಜೀವಿಗೆ ಬೆಲ್ಲ ಯಾಕೆ ಇಲ್ಲ? ಅವಳು ಬರುವವಳೂ ಅಲ್ಲ, ಮನೆಯವಳೂ ಅಲ್ಲವಾ?" ಎಂದು ಎಲ್ಲರ ಎದುರೇ ಕೇಳಿದಳು. ಅಂದಿನಿಂದ ರಾಜೀವಿಗೂ ಬೆಲ್ಲ ಉಂಟು. ಮಗು ನಾವು ಮಾಡುವುದನ್ನು ನೋಡಿ ರಾಶಿ ಹಾಕುತ್ತದೆ. ರಾಶಿ ಸರಿಯಿಲ್ಲ ಎಂದು ಕಂಡರೆ ನಮ್ಮನ್ನೇ ಕೇಳುತ್ತದೆ. ಇದಕ್ಕಿಂತ ಹೆಚ್ಚು ಬುದ್ಧಿ ನರ್ಸರಿಗೆ ಯಾಕೆ ಬೇಕು?

ಚಿತ್ರದ ಸಂಗತಿ ಹೇಳಿದಾಗ ರಾಜೀವಿ ನಕ್ಕು ನಕ್ಕು ಬಂಗುಡೆಯ ಲೆಕ್ಕವನ್ನೇ ತಪ್ಪಿದಳು. "ಗಂಡನನ್ನು ಹೊರಗೆ ನಿಲ್ಲಿಸಿದ್ದಾ? ನಮ್ಮಲ್ಲಿಯಾದರೆ ಅವನು ಚಿತ್ರದಲ್ಲಿಯೇ ಇರ್ಲಿಕ್ಕಿಲ್ಲ ಅಮ್ಮ, ಕಡಲಿನ ಚಿತ್ರ ಬೇರೆ ತರಿಸ್ಬೇಕು" ಎಂದಳು.

ಜಯಪಾಲರಿಗೆ ಬೇಸರವಾಗಿದೆ ಎಂದು ಬರೆದಿದ್ದಿ. ಅವರನ್ನೇ ಕೇಳು, ಅವರ ತಂದೆ ಶನಿವಾರ ಶನಿವಾರ ಅವರ ತಾಯಿಮನೆಗೆ ಬರುವಾಗ ಚೊಂಬು ಹಿಡಿದು ಓಡುತ್ತಿದ್ದದ್ದು ಯಾರು ಎಂದು. ಸರ್ವೋತ್ತಮನನ್ನೇ ನೋಡು. ಇಲ್ಲಿ ಯಜಮಾನನ ಹಾಗೆ ಕಾಲು ಚಾಚಿ ಕೂರುತ್ತಾನೆ. ವಾರದ ಕೊನೆಗೆ ಬಂಟ್ವಾಳದಲ್ಲಿ ಹೆಂಡತಿಯ ಮನೆಗೆ ಹೋದಾಗ ಜಗಲಿಯ ತುದಿಯಲ್ಲಿ ಒಳ್ಳೆಯ ಹುಡುಗನ ಹಾಗೆ ಕೂತು, ಸ್ವಂತ ಮಕ್ಕಳು ತಂದುಕೊಟ್ಟ ಬೆಲ್ಲ ಕಚ್ಚಿ ನೀರು ಕುಡಿಯುತ್ತಾನೆ. ಅವನಿಗೆ ಅದರಿಂದ ಮೈ ಸವೆದಿಲ್ಲ, ಹೊಟ್ಟೆ ಬಂದಿದೆ. ನಮ್ಮದು ಅಳಿಯಕಟ್ಟು, ಮನೆ ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ ಬಂದದ್ದು. ಕಾನೂನು ಈಗ ಬೇರೆ ಹೇಳುತ್ತದೆ, ಹೇಳಲಿ. ಆದರೆ ನೆನಪಿಡು, ಈ ಮನೆಯಲ್ಲಿ ನಮ್ಮ ನಂತರ ಇರುವ ಒಂದೇ ಹೆಣ್ಣು ಕುಶಲಾ. ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನಗೂ ಮಗಳು ಎಂದೇ ನಾನು ಬಿಳಿ ಸೀರೆಯುಟ್ಟು ಈ ಮನೆಗೆ ಮರಳಿದ ದಿನ ಅಮ್ಮ ಹೇಳಿದ್ದು. ನೀನೂ ಅಲ್ಲೇ ಇದ್ದೆ, ತಲೆಯಾಡಿಸಿದೆ.

ನನಗೆ ಒಂದು ಮಾತನ್ನೂ ಹೇಳದೆ ನರ್ಸರಿಯವರು ನಿನಗೆ ಬರೆದರೆಂದು ಗೊತ್ತಾದಾಗ ನಾನು ಸುಮ್ಮನೆ ಕೂರಲಿಲ್ಲ. ಮಗ್ಗದ ಒಳ್ಳೆಯ ಸೀರೆ ಉಟ್ಟು ಮೊದಲ ಬಸ್ಸಿನಲ್ಲಿಯೇ ಹೋದೆ. ಸೆವರಿನ್ ಟೀಚರ್ ಹೆದರಿ ನನ್ನನ್ನು ಅವರ ದೊಡ್ಡವರ ಕೋಣೆಗೆ ಕರೆದುಕೊಂಡು ಹೋದಳು. ಬಿಳಿ ಉಡುಪಿನ ವಯಸ್ಸಾದ ಹೆಂಗಸು, ನಗುಮುಖ. ಟೀಚರ್ ಹೇಳಿದಳು, "ಅಮ್ಮ, ನಮಗೆ ನಿಮ್ಮ ಮೇಲೆ ಕೋಪ ಇಲ್ಲ. ಮಕ್ಕಳು ಒಂದೊಂದನ್ನು ಒಂದೊಂದು ಅಂತಲೇ ಕಲೀಬೇಕು. ಅಮ್ಮ ಅಂದ್ರೆ ಅಮ್ಮ, ಆಂಟಿ ಅಂದ್ರೆ ಆಂಟಿ. ಇಲ್ಲದಿದ್ರೆ ಮುಂದೆ ಎಲ್ಲ ಗೊಂದಲ ಆಗ್ತದೆ. ಆರಿಫಾ ಅಂತ ಒಬ್ಬಳಿದ್ದಾಳೆ, ಅವಳು ಒಳಗೆ ಇಟ್ಟ ಜನ ಹೆಚ್ಚಾಗಿ ಮನೆಯೇ ಕಾಣ್ತಿರಲಿಲ್ಲ. ಅವಳ ಮನೆಯವರಿಗೂ ಬರೆದಿದ್ದೇವೆ."

ನಾನು ಆ ವಯಸ್ಸಾದವರನ್ನು ತೋರಿಸಿ ಟೀಚರಿಗೆ ಕೇಳಿದೆ, "ಇವರನ್ನು ನೀವು ಎಂತ ಕರೆಯುವುದು?"

"ಮದರ್."

"ಇವರು ನಿಮ್ಮನ್ನು ಹೆತ್ತದ್ದಾ?"

ಟೀಚರ್ ಮದರಿನ ಕಡೆ ತಿರುಗಿದಳು. ನಾನು ಬಿಡಲಿಲ್ಲ. "ನಿಮಗೆ ಮನೆಯಲ್ಲಿ ಒಬ್ಬರು ಅಮ್ಮ, ಇಲ್ಲಿ ಒಬ್ಬರು ಮದರ್. ಅಂಗಳದಲ್ಲಿ ನಾಲ್ಕು ಸಿಸ್ಟರು, ಇಗರ್ಜಿಯಲ್ಲಿ ಒಬ್ಬರು ಫಾದರು. ಇಷ್ಟು ಜನ ಇದ್ದೂ ನಿಮಗೆ ಗೊಂದಲ ಆಗಲಿಲ್ಲ. ನನ್ನ ಮಗುವಿಗೆ ಇಬ್ಬರು ಅಮ್ಮಂದಿರಾದರೆ ಮಾತ್ರ ಗೊಂದಲ ಆಗುವುದಾ?"

ಮದರ್ ಜೋರಾಗಿ ನಕ್ಕುಬಿಟ್ಟರು. ನನಗೆ ಚಾ ತರಿಸಿದರು. "ನೀವು ವಕೀಲರಾಗಬೇಕಿತ್ತು" ಎಂದರು. ಮಗು ತರಗತಿಯಲ್ಲಿ ಇರಲಿ, ದಸರಾದ ತನಕ ನೋಡುವ ಎಂದರು. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ, ಮುದ್ದುವಿಗೆ ಚಿಲ್ಲರೆ ವಾಪಸು ಕೇಳುವುದನ್ನೂ ಮರೆತೆ.

ನಿನ್ನ ಸಂಕಟ ನನಗೆ ಅರ್ಥವಾಗುವುದಿಲ್ಲ ಎಂದು ತಿಳಿಯಬೇಡ. ಹೆತ್ತ ಮಗು ಓಡಿ ಬಂದು ಬೇರೆಯವಳ ಸೆರಗು ಹಿಡಿದರೆ ಹೊಟ್ಟೆ ಉರಿಯುತ್ತದೆ. ಕಳೆದ ಬೇಸಗೆಯಲ್ಲಿ ಅವಳು ಬಿದ್ದು ಮೊಣಕಾಲು ತರಚಿಕೊಂಡಾಗ, ನೀನು ಕೈ ಚಾಚಿ ಕೂತಿದ್ದೆ, ಅವಳು ನಿನ್ನನ್ನು ದಾಟಿ ನನ್ನ ಹತ್ತಿರ ಬಂದಳು. ನೀನು ಎದ್ದು ಬಾವಿಕಟ್ಟೆಗೆ ಹೋಗಿ ಸುಮ್ಮನೆ ಮುಖ ತೊಳೆದೆ. ನಾನು ನೋಡಿದೆ. ಆದರೆ ಆ ನೋವಿಗೆ ಮದ್ದು ನನ್ನನ್ನು ಹೊರಗೆ ಹಾಕುವುದಲ್ಲ ಮಾರಾಯ್ತಿ.

ನೀನು ಹುಟ್ಟಿದಾಗ ಅಮ್ಮನಿಗೆ ಬಾಣಂತಿ ಜ್ವರ ಬಂದು ಹಾಲು ಬತ್ತಿತು. ಗುಲಾಬಿ ಚಿಕ್ಕಮ್ಮ ತನ್ನ ಮಗನನ್ನು ಒಂದು ಮಗ್ಗುಲಲ್ಲಿ, ನಿನ್ನನ್ನು ಒಂದು ಮಗ್ಗುಲಲ್ಲಿ ಹಾಕಿಕೊಂಡು ಸಾಕಿದಳು. ನೀನು ದೊಡ್ಡವಳಾದ ಮೇಲೂ ಅವಳ ಬಟ್ಟಲಿನಿಂದಲೇ ಗಂಜಿ ಉಣ್ಣುತ್ತಿದ್ದೆ. ಅವಳು ತೀರಿಕೊಂಡಾಗ ನೀನು ಕಂಬಕ್ಕೆ ತಲೆ ಬಡಿದುಕೊಂಡು "ಅಮ್ಮಾ" ಎಂದೇ ಅತ್ತದ್ದು. ಅಮ್ಮ ಪಕ್ಕದಲ್ಲಿಯೇ ನಿಂತಿದ್ದಳು. ಒಬ್ಬ ಅಮ್ಮ ಇಲ್ಲೇ ಇರುವಾಗ ಯಾರಿಗೆ ಅಳುತ್ತಿ ಎಂದು ಯಾರಾದರೂ ಕೇಳಿದರಾ? ಅಮ್ಮನೇ ನಿನ್ನ ಬೆನ್ನು ಸವರುತ್ತಿದ್ದಳು. ಅವತ್ತು ಗುಲಾಬಿ ಚಿಕ್ಕಮ್ಮ ನಿನಗೆ ಆಂಟಿಯಾಗಿದ್ದರೆ ಹೇಳು, ಇವತ್ತು ನಾನೂ ಆಗುತ್ತೇನೆ.

ಆದ್ದರಿಂದ ನಿನ್ನ ಮಗಳನ್ನು ಕೊಡುತ್ತೇನೆ, ನನ್ನನ್ನು ಕೊಡುವುದಿಲ್ಲ. ಮುಂಬಯಿಯ ಶಾಲೆಯಲ್ಲಿ ಯಾರು ಏನು ಬೇಕಾದರೂ ಕಲಿಸಲಿ. ನನ್ನ ಬಾಯಿಂದ ಆ ಮಾತು ಬರುವುದಿಲ್ಲ. ಸಿಟ್ಟಾದರೆ ಬಂದು ಎದುರು ನಿಂತು ಬೈ, ಕಾಗದದಲ್ಲಿ ಬೇಡ. ಬರುವಾಗ ಚಿತ್ತುವಿನ ಅಳತೆಯ ಹಳೆಯ ಅಂಗಿ ಒಂದು ತಾ, ಸ್ವೆಟರ್ ಹೆಣೆಯಲು ಶುರು ಮಾಡಿದ್ದೇನೆ, ಕೈ ಉದ್ದವಾಯಿತೇನೋ ಎಂದು ಅನುಮಾನ. ಕುಶಲಾಳಿಗೆ ಬಸಳೆ ಪದಾರ್ಥ ಇಷ್ಟ, ಕಡಲೆ ಬೇಳೆ ಹಾಕಿದರೆ ತಟ್ಟೆ ದೂಡುತ್ತಾಳೆ. ನಿದ್ದೆ ಬರುವಾಗ ಕಿವಿಯ ತುದಿ ಹಿಡಿದುಕೊಳ್ಳುತ್ತಾಳೆ, ತನ್ನದಲ್ಲ, ಪಕ್ಕದಲ್ಲಿ ಮಲಗಿದವರದ್ದು. ಓಲೆ ತೆಗೆದಿಟ್ಟು ಮಲಗು.

ನಿಮ್ಮ ಮನೆ ತುಂಬಿರಲಿ, ಮಕ್ಕಳಿಗೆ ಒಳ್ಳೆಯ ಆಯುಸ್ಸು ಬರಲಿ, ಜಯಪಾಲರ ಹೋಟೆಲಿನ ಒಲೆ ಆರದಿರಲಿ.

ಎಂದಿಗೂ ನಿನ್ನ ಅಕ್ಕ,
ಉಮಾವತಿ

ತಾ.ಕ. ಸರ್ವೋತ್ತಮ ಕವರು ಮರೆತದ್ದು ಸುಳ್ಳು. ಹೇಳಿದ ದಿನವೇ ತಂದುಕೊಟ್ಟಿದ್ದ, ಪಾಪ. ಬರೆಯಲು ಕೂತ ದಿನವೇ ಒಂದು ಸಂಗತಿ ನಡೆಯಿತು, ಆಮೇಲೆ ಕೈ ಏಳಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಅಕ್ಷರವನ್ನೂ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ನಿನಗೆ ಹೇಳದೆ ಇನ್ನು ಯಾರಿಗೆ ಹೇಳಲಿ.

ಅವತ್ತು ತೊಕ್ಕೊಟ್ಟಿನಲ್ಲಿ ಹುಷಾರಿಲ್ಲದ ಗೆಳತಿಯನ್ನು ನೋಡಿ, ಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ಮಧ್ಯಾಹ್ನದ ಮೇಲೆ ಮನೆಗೆ ಬಂದೆ. ಅಂದು ಲಾಡ್ಜಿಗೆ ರಜೆ ಹಾಕಿದ್ದ ಸರ್ವೋತ್ತಮ ಕುಶಲಾಳನ್ನು ನರ್ಸರಿಯಿಂದ ಮೊದಲೇ ಕರೆತಂದಿದ್ದ. ಅವಳು ಜಗಲಿಯ ಕಾವಿ ನೆಲದಲ್ಲಿ ಸೀಮೆಸುಣ್ಣದಿಂದ ಮನೆ ಬರೆದು, ನನ್ನ ಹೊಲಿಗೆ ಡಬ್ಬಿಯ ಗುಂಡಿಗಳನ್ನು ಇಟ್ಟು ಆಡುತ್ತಿದ್ದಳು. ಒಳಗೆ ನಾಲ್ಕು ಗುಂಡಿ, ಪಪ್ಪ, ಮಮ್ಮಿ, ಚಿತ್ತು, ತಾನು. ಮೆಟ್ಟಿಲಿನ ಹೊರಗೆ ಒಂದು ದೊಡ್ಡ ಕಪ್ಪು ಗುಂಡಿ.

"ಇದು ಯಾರು ಮಗಾ?" ಎಂದು ಕೇಳಿದೆ.

"ದೊಡ್ಡಮ್ಮ ಆಂಟಿ. ಟೀಚರ್ ಹೇಳಿದ್ರು ಆಂಟಿಯವರದ್ದು ಬೇರೆ ಮನೆ ಅಂತ. ನಾನು ಸರಿ ಇಟ್ಟೆ. ಸ್ಟಾರ್ ಸಿಕ್ಕಿತು, ನೋಡು." ಅಂಗೈಯ ಹಿಂದೆ ಕೆಂಪು ಶಾಯಿಯ ನಕ್ಷತ್ರ. ಎಷ್ಟು ಖುಷಿಯಿಂದ ತೋರಿಸಿದಳೆಂದರೆ, ಚೆನ್ನಾಗಿದೆ ಎನ್ನದೆ ಇರಲಾಗಲಿಲ್ಲ.

ಆಮೇಲೆ ಅವಳು ನನ್ನ ಬೆವರಿದ ಮುಖ ನೋಡಿದಳು. ಎದ್ದು ಒಳಗೆ ಓಡಿದಳು. ಬರುವಾಗ ಒಂದು ಕೈಯಲ್ಲಿ ತಟ್ಟೆ, ಅದನ್ನು ಕೆಳಗೆ ಇಟ್ಟು ಮತ್ತೆ ಓಡಿ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ನಾಲಗೆ ಕಚ್ಚಿಕೊಂಡು, ಒಂದು ಹನಿ ತುಳುಕಿಸದೆ ತಂದಳು. "ಕೂತ್ಕೊಳ್ಳಿ" ಎಂದಳು. ನನಗೆ ಯಾವತ್ತೂ ಅವಳು ಹಾಗೆ ಹೇಳಿದವಳಲ್ಲ.

ಒಳಗೆ ಹೋಗಿ ಕೊಡಪಾನದಿಂದ ನಾನೇ ಕುಡಿಯುತ್ತೇನೆ ಎನ್ನಬೇಕೆಂದಿದ್ದೆ, ಶಶಿ. ಅವಳು ಎದುರೇ ನಿಂತಿದ್ದಳು, ಬಂದವರು ಕುಡಿದು ಮುಗಿಸುವ ತನಕ ನಿಲ್ಲಬೇಕೆಂದು ನಾನೇ ಹೇಳಿಕೊಟ್ಟದ್ದಲ್ಲವಾ. ಜಗಲಿಯ ತುದಿಯಲ್ಲಿ ಕೂತು, ಬೆಲ್ಲ ಕಚ್ಚಿ ನೀರು ಕುಡಿದೆ.